ನಮ್ಮ ಮಾವನ ಬಾಲದ ಇಂಗ್ಲಿಷು

ಅಕ್ಕನ ಮಗಳನ್ನೇ ಮದುವೆಯಾಗುತ್ತೇನೆಂದು ಹಟ ಹಿಡಿದ ಸೋದರಮಾವಂದಿರನ್ನು ನೀವು ಬೇಕಾದಷ್ಟು ಕಂಡಿರುತ್ತೀರಿ. ಒಲ್ಲೆನೆಂದು ಊರು ಬಿಟ್ಟು ಓಡಿದವರನ್ನೂ ಕಂಡಿರಬಹುದು. ಆದರೆ ಅಕ್ಕನ ಮಗಳು ತನಗೆ ಹೆಂಡತಿಯಾಗಿ ಬರಬಾರದೆಂದು ಅವಳಿಗೆ ಇಂಗ್ಲಿಷ್ ಕಲಿಸಲು ಕೂತ ಸೋದರಮಾವನನ್ನು ಕಂಡಿದ್ದೀರಾ? ನಾನು ಕಂಡಿದ್ದೇನೆ. ಅವನೇ ನಮ್ಮ ಮಾವ. ಆ ಅಕ್ಕನ ಮಗಳು ನಾನು! ಅವನು ಕಲಿಸಿದ್ದಾದರೂ ಎಂಥ ಇಂಗ್ಲಿಷು ಅಂತೀರಿ! ಅದಕ್ಕೆ ತಲೆಯಿರಲಿಲ್ಲ, ಹೊಟ್ಟೆಯಿರಲಿಲ್ಲ, ಇದ್ದದ್ದು ಬಾಲವೊಂದೇ.

ಅಂದರೆ ಹೀಗೆ. ಲೋಕವೆಲ್ಲ ಇಂಗ್ಲಿಷ್ ಶಬ್ದವನ್ನು ಮುಂದಿನಿಂದ ಓದಿದರೆ ನಮ್ಮ ಮಾವ ಹಿಂದಿನಿಂದ ಹಿಡಿಯುತ್ತಿದ್ದ. ಯಾವ ಯಾವ ಶಬ್ದಗಳ ಕೊನೆಯ ಅಕ್ಷರಗಳು ಒಂದೇ ಇವೆ ಎಂದು ಹುಡುಕುವುದು, ಹುಡುಕಿ ಜೋಡಿ ಹಾಕುವುದು, ಜೋಡಿ ಸಿಕ್ಕದ ಶಬ್ದಕ್ಕಾಗಿ ಊಟ ಬಿಡುವುದು. ಇದು ಅವನ ಹುಚ್ಚು. ಒಬ್ಬೊಬ್ಬರಿಗೆ ಎಲೆ ಅಡಿಕೆ, ಒಬ್ಬೊಬ್ಬರಿಗೆ ಇಸ್ಪೀಟು, ನಮ್ಮ ಮಾವನಿಗೆ ಬಾಲ!

ಅವನು ಮೂಡಲಗಿಯ ಕುರಿಗಾರ. ಏಳನೆಯ ಇಯತ್ತೆಯ ಮುಲ್ಕಿ ಪರೀಕ್ಷೆ ಪಾಸು ಮಾಡಿ ಗೋಕಾಕದ ಇಂಗ್ಲಿಷ್ ಶಾಲೆಗೆ ಒಂದು ವರ್ಷ ಹೋಗಿ ಬಂದವನು. ಅಷ್ಟರಲ್ಲಿ ಅಜ್ಜ ತೀರಿಕೊಂಡ, ಕುರಿ ಕಾಯುವವರು ಬೇಕಾದರು, ಎಬಿಸಿಡಿಯನ್ನು ಕಂಬಳಿಯಲ್ಲಿ ಸುತ್ತಿಕೊಂಡು ಹಟ್ಟಿಗೆ ಮರಳಿದ. ಹೀಗಾಗಿ ಅವನಿಗೆ ಇಂಗ್ಲಿಷ್ ಅಕ್ಷರ ಕಂಡರೆ ಗುರುತು ಹತ್ತುತ್ತಿತ್ತು, ಅರ್ಥ ಹತ್ತುತ್ತಿರಲಿಲ್ಲ. ಜಾತ್ರೆಯಲ್ಲಿ ಮುಖಪರಿಚಯದವರು ಸಿಕ್ಕರೆ ಹೆಸರು ನೆನಪಾಗದೆ ನಗುತ್ತ ನಿಲ್ಲುತ್ತೇವಲ್ಲ, ಹಾಗೆ.

ಇನ್ನು ನಮ್ಮ ಮದುವೆಯ ಕಥೆ. ನಮ್ಮಪ್ಪ ಗೋಕಾಕದ ಹತ್ತಿರದ ಗಿರಣಿಯಲ್ಲಿ ನೂಲು ತೆಗೆಯುತ್ತಿದ್ದ. ಅವ್ವ ಮೂಡಲಗಿಯ ಮಗಳು, ಮಾವನಿಗಿಂತ ಮುಂಚೆ ಹುಟ್ಟಿದ ಅಕ್ಕ. ನಾವು ಇಬ್ಬರು ಹೆಣ್ಣುಮಕ್ಕಳು. ನಮ್ಮಕ್ಕನನ್ನು ಮಾವನಿಗೇ ಕೊಟ್ಟರು. ಆಗ ಅವಳಿಗೆ ಹದಿನಾಲ್ಕು. ಎರಡು ವರ್ಷ ತುಂಬುವುದರೊಳಗೆ ಅವಳು ಹೆರಿಗೆಯಲ್ಲಿ ಹೋದಳು, ಕೂಸೂ ಹೋಯಿತು. ಮಣ್ಣು ಕೊಟ್ಟು ಬಂದು ಬೇವಿನೆಲೆ ಬಾಯಿಗೆ ಹಾಕಿಕೊಂಡಿದ್ದೇವೋ ಇಲ್ಲವೋ, ನಮ್ಮ ಆಯಿ, ಅಂದರೆ ಅವ್ವನ ಅವ್ವ, ನನ್ನ ಗದ್ದ ಹಿಡಿದೆತ್ತಿ ನೋಡಿದಳು. ನನಗಿನ್ನೂ ಹಲ್ಲು ಪೂರ್ತಿ ಬಂದಿರಲಿಲ್ಲ.

"ಸಣ್ಣಾಕಿ ಅದಾಳಲ್ಲ," ಅಂದಳು ಆಯಿ.

ಅಷ್ಟೇ. ಮುಗಿಯಿತು. ನಮ್ಮಲ್ಲಿ ಅಕ್ಕ ಸತ್ತರೆ ಆ ಜಾಗಕ್ಕೆ ತಂಗಿ. ಒಲೆಯ ಮೇಲಿನ ಗಡಿಗೆ ಒಡೆದರೆ ಗೂಡಿನಲ್ಲಿಯ ಗಡಿಗೆ ಇಳಿಸುವುದಿಲ್ಲವೇ? ನನ್ನನ್ನು ಯಾರೂ ಕೇಳಲಿಲ್ಲ, ಸರಿ. ಮಾವನನ್ನೂ ಯಾರೂ ಕೇಳಲಿಲ್ಲ! ಅವನು ಹೆತ್ತವ್ವನ ಮಾತಿಗೆ ಎದುರಾಡಿದ ಗಂಡಸಲ್ಲ. ಆಯಿ ಕೂಡು ಅಂದರೆ ಕೂಡುವ, ಏಳು ಅಂದರೆ ಏಳುವ ಆಸಾಮಿ. ಅಕ್ಕನ ಮಗಳು ಬೇಡ ಅಂದರೆ ಅಕ್ಕನ ಹೊಸ್ತಿಲೇ ಬೇಡ ಅಂದಂತೆ, ತವರಿಗೂ ಮಗಳಿಗೂ ನೀರು ಹರಿಯುವುದು ನಿಂತಂತೆ. ಅಂಥ ಮಾತನ್ನು ಯಾರು ಆಡುತ್ತಾರೆ?

ನಮ್ಮಪ್ಪ ಮಾತ್ರ ಒಂದು ಅಡ್ಡಗಾಲು ಹಾಕಿದ. ಮೆತ್ತಗಿನ ಮನುಷ್ಯ, ಗಿರಣಿಯ ಗದ್ದಲದಲ್ಲಿ ದುಡಿದು ದುಡಿದು ಮನೆಯಲ್ಲಿ ಸಣ್ಣ ದನಿಯಲ್ಲಿ ಮಾತಾಡುವುದನ್ನು ಕಲಿತಿದ್ದ. "ಹುಡುಗಿ ಶಾಣ್ಯಾ ಅದಾಳ್ರಿ. ಮ್ಯಾಟ್ರಿಕ್ ಪಾಸಾದ್ರ ಮಾಸ್ತರ್‍ಕಿ ಸಿಗತೈತಿ, ಪಗಾರ ಬರತೈತಿ. ಅಲ್ಲೀತನಕ ತಡೀರಿ," ಅಂದ. ಪಗಾರ ಎಂಬ ಮಾತಿಗೆ ಆಯಿ ಸ್ವಲ್ಪ ಸಡಿಲಾದಳು. ಬಾಯಲ್ಲಿಯ ತಂಬಾಕು ಉಗುಳಿ ತೀರ್ಪು ಕೊಟ್ಟಳು.

"ಆತು. ಪಾಸಾದ್ರ ಸಾಲಿ, ಫೇಲಾದ್ರ ತಾಳಿ!"

ಹೈಕೋರ್ಟಿನ ಜಡ್ಜು ಕೂಡ ಇಷ್ಟು ಚಿಕ್ಕದಾಗಿ ಶಿಕ್ಷೆ ಹೇಳಿರಲಿಕ್ಕಿಲ್ಲ.

ಆಗ ನಮ್ಮ ಕಡೆ ಮುಂಬಯಿ ಸರಕಾರ. ಎಂಟನೆಯ ಇಯತ್ತೆಗೆ ಬಂದ ಮೇಲೇ ಇಂಗ್ಲಿಷಿನ ಮುಖ ಕಾಣುವುದು. ಮ್ಯಾಟ್ರಿಕ್ ಎಂಬುದು ಘಟಪ್ರಭೆಯ ಮಹಾಪೂರವಿದ್ದಂತೆ, ಹೋದವರೆಲ್ಲ ಮುಳುಗುವುದು ಇಂಗ್ಲಿಷಿನ ಮಡುವಿನಲ್ಲೇ. ಗಣಿತದಲ್ಲಿ ನಾನು ಹುಲಿ, ಕನ್ನಡದಲ್ಲಿ ಸಿಂಹ, ಇಂಗ್ಲಿಷಿನಲ್ಲಿ ಮಳೆಯಲ್ಲಿ ತೊಯ್ದ ಬೆಕ್ಕು. ಇದು ಮಾವನಿಗೆ ಗೊತ್ತಾದ ದಿನ ಅವನ ಮುಖದ ಮೇಲಿನ ಗಾಬರಿಯನ್ನು ನೀವು ನೋಡಬೇಕಿತ್ತು. ಮದುವೆಯ ಗಂಡು ಅಷ್ಟು ಹೆದರಿದ್ದನ್ನು ನಾನು ಇಂದಿನವರೆಗೆ ಕಂಡಿಲ್ಲ!

ಮುಂದಿನ ಸಂತೆಯ ದಿನವೇ ಗೋಕಾಕಕ್ಕೆ ಬಂದ. ಕಂಬಳಿ ಕೊಡವಿ ಕೂತ. ಅವ್ವ ಕೊಟ್ಟ ನೀರು ಕುಡಿಯುವ ಮೊದಲೇ ಶುರು.

"ಏ ಹುಡುಗಿ, ಟೇಶನ್ನಿನ ಬೋರ್ಡ್ ನೋಡೀಯೇನ? ಕಡೀಕ ಏನೈತಿ?"

"ಏನೈತಿ ಮಾವಾ?"

"ಟಿ, ಆಯ್, ಓ, ಎನ್. ಗಾಯಕ್ಕ ಹಚ್ಚೋ ಲೋಶನ್ ಬಾಟ್ಲಿ ನೋಡು. ಕಡೀಕ ಏನೈತಿ? ಟಿ, ಆಯ್, ಓ, ಎನ್! ರೇಶನ್ ಅಂಗಡಿ ಬೋರ್ಡ್ ನೋಡು. ಅದ! ಒಂದ ತಾಯಿ ಮರಿ ಇವೆಲ್ಲಾ. ಮುಖ ಬ್ಯಾರೆ ಬ್ಯಾರೆ, ಬಾಲ ಒಂದ. ಇಂಗ್ಲೀಷರು ದೊಡ್ಡ ಕುರುಬರು ನೋಡವಾ!"

ಕುರಿಗಾರನಿಗೆ ಇದು ಹೊಳೆದದ್ದರಲ್ಲಿ ಆಶ್ಚರ್ಯವೇನಿಲ್ಲ. ಎಳೆಯ ಮರಿಗಳನ್ನು ಮೇಯಲು ಒಯ್ಯುವುದಿಲ್ಲ, ಹಗಲೆಲ್ಲ ಹಟ್ಟಿಯಲ್ಲಿ ಕೂಡಿಹಾಕಿರುತ್ತಾರೆ. ಸಂಜೆ ಹಿಂಡು ಬಂತೆಂದರೆ ಒಂದೊಂದೇ ಮರಿಯನ್ನು ಬಿಟ್ಟು ಅದರದರ ತಾಯಿಗೆ ಹಚ್ಚಬೇಕು. ಮರಿ ತಪ್ಪಿದರೆ ತಾಯಿ ಗುದ್ದಿ ಕೆಡವುತ್ತದೆ. ನೂರಾರು ಮರಿಗಳಲ್ಲಿ ಯಾವುದು ಯಾರದೆಂದು ಮಾವ ಹಿಂದಿನಿಂದ ನೋಡಿಯೇ ಹೇಳುತ್ತಿದ್ದ. ಅದೇ ಕಸುಬನ್ನು ಇಂಗ್ಲಿಷಿಗೂ ಹಚ್ಚಿದ, ಅಷ್ಟೇ. ಪೆನ್ಶನ್ ಎಂಬ ಶಬ್ದದ ಕೊನೆಗೆ ಟಿ ಇಲ್ಲ, ಎಸ್ ಇದೆ ಎಂದು ಕಂಡುಹಿಡಿದ ದಿನ ಮಾತ್ರ ಕಳ್ಳನನ್ನು ಹಿಡಿದವನಂತೆ ಕುಣಿದಾಡಿದ. "ಕಳ್ಳ ಮರಿ! ಬ್ಯಾರೇದಾವರ ಹಿಂಡಿನ್ಯಾಗಿಂದು ನಮ್ಮದರಾಗ ಹೊಕ್ಕೈತಿ!"

ರಜೆಗೆ ನಾನು ಮೂಡಲಗಿಗೆ ಹೋದರೆ ಪಾಠ ಹಟ್ಟಿಯಲ್ಲೇ. ಸಂಜೆ ಮರಿ ಬಿಡುವ ಹೊತ್ತು. ಮಾವ ತಟ್ಟಿಯ ಬಾಗಿಲು ಹಿಡಿದು ನಿಲ್ಲುವನು. ನಾನೊಂದು ಶಬ್ದ ಹೇಳಿದರೆ ಒಂದು ಮರಿ ಬಿಡುವನು. ಆ ದಿನದ ಬಾಲ 'ಮೆಂಟ್' ಅಂತಿಟ್ಟುಕೊಳ್ಳಿ. ಗವರ್ನಮೆಂಟ್, ಒಂದು ಮರಿ. ಡಿಪಾರ್ಟಮೆಂಟ್, ಇನ್ನೊಂದು. ಸಿಮೆಂಟ್, ಪೇಮೆಂಟ್, ಆಯಿಂಟಮೆಂಟ್. ಅಲ್ಲಿಗೆ ನನ್ನ ಗಾಡಿ ಕೆಸರಿನಲ್ಲಿ ಹೂತುಕೊಳ್ಳುತ್ತಿತ್ತು. ಮಾವ ಬಾಗಿಲು ಬಿಡ! ಒಳಗೆ ಮರಿಗಳು ಬ್ಯಾ ಬ್ಯಾ, ಹೊರಗೆ ತಾಯಂದಿರು ಬ್ಯಾ ಬ್ಯಾ, ನಡುವೆ ನಾನು ಅವಕ್ಕಿಂತ ಜೋರಾಗಿ ಬ್ಯಾ ಅನ್ನುವುದೊಂದು ಬಾಕಿ. ಆಯಿ ಅಡಿಗೆಮನೆಯಿಂದ ಒದರುವಳು.

"ಏ ಹಾಟ್ಯಾನ ಮಗನ, ಮರಿ ಹಸದು ಸಾಯಾಕತ್ತಾವ! ನಿಮ್ಮ ಇಂಗ್ಲೀಷಿಗೆ ಬೆಂಕಿ ಹತ್ತಲಿ!"

"ತಡಿ ಯವ್ವಾ, ಇನ್ನೊಂದ ಮೆಂಟ್ ಬರಲಿ!"

ಸುಳ್ಳಲ್ಲ, ಆ ಕುರಿಗಳಿಗೆ ಕೊನೆಕೊನೆಗೆ ಇಂಗ್ಲಿಷ್ ತಿಳಿಯತೊಡಗಿತ್ತು. 'ಮೆಂಟ್' ಅಂದರೆ ಮರಿ ಬರುತ್ತದೆ ಎಂದು ಗೊತ್ತು ಮಾಡಿಕೊಂಡಿದ್ದವು. ಒಮ್ಮೆ ಊರ ಜಮೀನಿನ ಲೆಕ್ಕ ಬರೆಯುವ ತಲಾಠಿ ಸಾಹೇಬರು ಬಂದು ಹಟ್ಟಿಯ ಮುಂದೆ ನಿಂತು, "ಇದು ಗೌರಮೆಂಟ್ ಜಾಗಾ ಐತಿ ನೋಡ್ರಿ" ಎಂದು ಬಾಯಿ ತೆರೆದರು. ಮುಗಿಯಿತು ಕಥೆ! ಹಿಂಡಿಗೆ ಹಿಂಡೇ ಅವರ ಧೋತರದ ಮೇಲೆ ಎರಗಿತು. ಸಾಹೇಬರು ಬೇವಿನ ಮರ ಹತ್ತಿದ್ದನ್ನು ಕಣ್ಣಾರೆ ಕಂಡವರು ಮೂಡಲಗಿಯಲ್ಲಿದ್ದಾರೆ. ನಂಬದಿದ್ದರೆ ಬಿಡಿ.

ಕೊಣ್ಣೂರಿನಲ್ಲಿ ನಮ್ಮಪ್ಪನ ಸೋದರತ್ತೆ ಸತ್ತಾಗ ಇನ್ನೊಂದು ತಮಾಷೆ. ಸತ್ತ ಮನೆಯಲ್ಲಿ ತಮಾಷೆ ಎನ್ನಬಾರದು, ಆದರೆ ಏನು ಮಾಡಲಿ? ಮುದುಕಿಯನ್ನು ಗೋಡೆಗೆ ಆನಿಸಿ ಕೂರಿಸಿ, ಹೊಸ ಬಟ್ಟೆ ಹೊದಿಸಿ, ವಿಭೂತಿ ಹಚ್ಚಿದ್ದರು. ಹೆಂಗಸರು ಹಾಡಿಕೊಂಡು ಅಳುತ್ತಿದ್ದರು. ಮಾವ ಬಂದವನು ಹೆಣದ ಮುಂದೆ ಕೈಮುಗಿದು ನಿಂತ. ನೋಡನೋಡುತ್ತ ಬಾಗಿದ. ಇನ್ನೂ ಬಾಗಿದ. ಮುದುಕಿಯ ಎದೆಗೆ ಮುಖ ಹಚ್ಚಿಯೇ ಬಿಟ್ಟ! "ಎಂಥಾ ಕರಳು ನೋಡ್ರಿ ಈ ಹುಡುಗನದು, ಬೀಗರ ಮುದುಕಿ ಸಂಬಂಧ ಹಿಂಗ ಅಳಾಕತ್ತಾನ!" ಎಂದು ಹೆಂಗಸರೆಲ್ಲ ಹೊಸದಾಗಿ ಒಂದು ಸುತ್ತು ಅತ್ತರು. ಮಾವ ಎದ್ದು ಬಂದು ನನ್ನ ಕಿವಿಯಲ್ಲಿ ಪಿಸುಗುಟ್ಟಿದ. "ಕ್ವಾಲಿಟಿ! ಬಟ್ಟಿ ಮ್ಯಾಲ ಶಿಕ್ಕಾ ಹೊಡದಾರ. ಆಯ್, ಟಿ, ವಾಯ್. ಮುನಸಿಪಾಲಿಟಿ ಒಂದ ಒಂಟಿ ಇತ್ತು ನೋಡು, ಜೋಡಿ ಸಿಕ್ತು!"

ನನಗೆ ನಗು ತಡೆಯಲಾಗಲಿಲ್ಲ. ಸೆರಗು ಬಾಯಿಗೆ ತುರುಕಿಕೊಂಡು ಮೈ ಕುಲುಕಿದೆ. ನನ್ನನ್ನೂ ನಾಲ್ಕು ಜನ ಹೆಂಗಸರು ತಬ್ಬಿಕೊಂಡು ಸಮಾಧಾನ ಮಾಡಿದರು.

ಆ ದಿನ ಗೋಕಾಕಕ್ಕೆ ನಡೆದು ಬರುತ್ತ ನಾನು ಕೇಳಿಯೇಬಿಟ್ಟೆ. "ಮಾವಾ, ಈ ಬಾಲದ ಹುಚ್ಚು ನಿನಗ ಎಲ್ಲಿಂದ ಹಿಡೀತು? ಹೆಣಾ ಸೈತ ಬಿಡವಲ್ಲಿ!"

ಮಾವ ಕಂಬಳಿಯನ್ನು ಈ ಹೆಗಲಿನಿಂದ ಆ ಹೆಗಲಿಗೆ ಹಾಕಿಕೊಂಡ. ಹೊಲದಲ್ಲಿ ಕಬ್ಬಿಗೆ ನೀರು ಹಾಯಿಸುತ್ತಿದ್ದರು. ಆಮೇಲೆ ಹೇಳಿದ.

"ನಿಮ್ಮಕ್ಕನ್ನ ಗಾಡಿ ಕಟಗೊಂಡು ದವಾಖಾನಿಗೆ ತಂದಿದ್ನೆಲ್ಲ, ಆವಾಗ ಡಾಕ್ಟರು ನರ್ಸಿನ ಜೋಡಿ ಇಂಗ್ಲೀಷಿನ್ಯಾಗ ಮಾತಾಡಾಕತ್ತಿದ್ರು. ನನ್ನ ಮುಂದ. ಇಷ್ಟ ದೂರ. ನನಗ ಒಂದೂ ತಿಳೀಲಿಲ್ಲ. ಹಿಂದಿಂದು ಅಷ್ಟ ಕಿವೀಗೆ ಬೀಳತಿತ್ತು. ಶನ್, ಶನ್, ಶನ್. ಆಪರೇಶನ್ ಅಂದ್ರೊ, ಕಂಡೀಶನ್ ಅಂದ್ರೊ. ನಾ ನಕ್ಕೋತ ನಿಂತಿದ್ನಿ. ದೊಡ್ಡಾವರು ಮಾತಾಡೂ ಮುಂದ ನಗಮುಖ ಇಟಗೊಂಡು ನಿಂದರಬೇಕಲ್ಲ? ಆಮ್ಯಾಲ ಗೊತ್ತಾತು, ಆಕಿ ಉಳಿಯಾಂಗಿಲ್ಲ ಅಂತ ಹೇಳಾಕತ್ತಿದ್ರಂತ. ಅವರು ಅದನ್ನ ಹೇಳಾಕತ್ತಾರ, ನಾ ನಗಾಕತ್ತೇನಿ."

ಅಲ್ಲಿಯವರೆಗೆ ಅವನ ಬಾಲಗಳಿಗೆ ನಗುತ್ತಿದ್ದವಳು ಅಂದಿನಿಂದ ಅವನ್ನು ಕಾಯಾ ವಾಚಾ ಮನಸಾ ಬಾಯಿಪಾಠ ಮಾಡತೊಡಗಿದೆ. ಆಪರೇಶನ್ ಮತ್ತು ಕಂಡೀಶನ್ ಎರಡನ್ನು ಮಾತ್ರ ಅವನೂ ಕೇಳಲಿಲ್ಲ, ನಾನೂ ಹೇಳಲಿಲ್ಲ.

ಅಂತೂ ಮ್ಯಾಟ್ರಿಕ್ ಬಂತು. ನನ್ನ ತಲೆಯಲ್ಲಿ ಕುರಿಹಿಂಡಿನಷ್ಟು ಶಬ್ದಗಳು. ಮಾಸ್ತರರೇ ಬೆರಗಾಗುವಷ್ಟು! ಇಂಗ್ಲಿಷ್ ಪೇಪರು ಬಿಚ್ಚಿದೆ. ನಿಮ್ಮ ಊರಿನ ಬಗ್ಗೆ ನಿಬಂಧ ಬರೆಯಿರಿ ಎಂದಿತ್ತು. ಬರೆಯುತ್ತೇನೆ, ಅದಕ್ಕೇನಂತೆ! ಲೇಖಣಿ ಹಿಡಿದೆ. ಅಷ್ಟೇ ನೋಡಿ. ಸ್ಟೇಶನ್, ನೇಶನ್, ಪಾಪ್ಯುಲೇಶನ್ ಎಲ್ಲ ಬಂದು ತಟ್ಟಿಯ ಬಾಗಿಲಿಗೆ ಗುದ್ದಿ ನಿಂತವು. ಯಾವುದರ ಹಿಂದೆ ಯಾವುದನ್ನು ಬಿಡಬೇಕು, ಯಾವುದು ಮುಂದೆ ನಡೆಯಬೇಕು, ನನಗೆ ತಿಳಿಯಲಿಲ್ಲ. ಬಾಲ ಕಲಿಸುವ ಭರದಲ್ಲಿ ನಾವಿಬ್ಬರೂ ವಾಕ್ಯ ಎಂಬುದೊಂದು ಇದೆಯೆಂಬುದನ್ನೇ ಮರೆತಿದ್ದೆವು! ಬೆವರು ಒರೆಸಿಕೊಳ್ಳುತ್ತ ಪುಟದ ತುಂಬ ಶಬ್ದ ತುಂಬಿಸಿ ಬಂದೆ. ತಪಾಸಣೆ ಮಾಡಿದ ಪುಣ್ಯಾತ್ಮ ಅದನ್ನು ನಿಬಂಧವೆಂದು ತಿಳಿದನೋ ಕಿರಾಣಿ ಯಾದಿಯೆಂದು ತಿಳಿದನೋ, ದೇವರೇ ಬಲ್ಲ.

ಫಲಿತಾಂಶ ಪತ್ರಿಕೆಯಲ್ಲಿ ಬರುತ್ತಿತ್ತು. ಮೋಟಾರು ಸ್ಟ್ಯಾಂಡಿನಲ್ಲಿ ಪತ್ರಿಕೆಯ ಕಟ್ಟು ಇಳಿಯುವ ಮೊದಲೇ ಮಾವ ಹೋಗಿ ಕೂತಿದ್ದ. ನಾನು, ಅಪ್ಪ ಅವನ ಹಿಂದೆ ನಿಂತಿದ್ದೆವು. ನನ್ನ ನಂಬರನ್ನು ಅವನು ಹಿಂದಿನಿಂದ ಮುಂದಕ್ಕೆ ಹುಡುಕಿದ, ಮುಂದಿನಿಂದ ಹಿಂದಕ್ಕೆ ಹುಡುಕಿದ. ನನ್ನ ಹಿಂದಿನ ನಂಬರಿತ್ತು, ನನ್ನ ಮುಂದಿನ ನಂಬರಿತ್ತು. ನಡುವೆ ಜಾಗವೂ ಬಿಟ್ಟಿರಲಿಲ್ಲ. ಮಾವ ಪತ್ರಿಕೆಯನ್ನು ಮಡಚಿ ಅಪ್ಪನ ಕೈಗೆ ಕೊಟ್ಟ.

"ತಪ್ಪು ನಂದು ಮಾವಾರ," ಅಂದ ಅಪ್ಪನಿಗೆ. "ಹಿಂದಿಂದು ಕಲಿಸಿದ್ನಿ, ಮುಂದಿಂದು ಕಲಿಸಲಿಲ್ಲ."

ಆಯಿ ತಡಮಾಡಲಿಲ್ಲ. ಕಾರಹುಣ್ಣಿಮೆ ಮುಗಿದ ಮೇಲೆ, ಆಷಾಢ ಹಿಡಿಯುವ ಮೊದಲು ಮುಹೂರ್ತ ಎಂದು ಹೇಳಿ ಕಳಿಸಿದಳು. ಅಕ್ಟೋಬರದಲ್ಲಿ ಪರೀಕ್ಷೆಗೆ ಇನ್ನೊಂದು ಸಲ ಕೂಡಬಹುದು ಎಂದು ಅಪ್ಪ ಸಣ್ಣ ದನಿಯಲ್ಲಿ ಹೇಳಿ ನೋಡಿದ. "ಕೂತಲ್ಲೆ ಕೂತ ಮುದುಕಿ ಆಗಲೇನ?" ಎಂದು ಆಯಿಯ ಉತ್ತರ ಬಂತು. ಅವ್ವ ನಮ್ಮಕ್ಕನ ಗುಳದಾಳಿಯನ್ನು, ಅಂದರೆ ತಾಳಿಯನ್ನು, ಪೆಟ್ಟಿಗೆಯಿಂದ ತೆಗೆದು ಹುಣಸೆಹಣ್ಣು ಹಚ್ಚಿ ತಿಕ್ಕತೊಡಗಿದಳು. ಸತ್ತವಳ ಗುಳದಾಳಿ ನನ್ನ ಕೊರಳಿಗೆ! ತಿಕ್ಕುತ್ತ ತಿಕ್ಕುತ್ತ ಅವ್ವ ಅಳುತ್ತಿದ್ದಳು, ಆದರೆ ತಿಕ್ಕುವುದನ್ನು ನಿಲ್ಲಿಸಲಿಲ್ಲ. ಅಕ್ಕನ ಹಾಗೆ ನಾನೂ ಗಾಡಿಯಲ್ಲಿ ಮಲಗಿ ಗೋಕಾಕಕ್ಕೆ ಬರುತ್ತೇನೆ ಎಂದು ನನಗೆ ಖಾತ್ರಿಯಾಗಿತ್ತು.

ಮಾವ ಎರಡು ಟಗರು ಹೊಡೆದುಕೊಂಡು ಹುಕ್ಕೇರಿಯ ಸಂತೆಗೆ ಹೋದ. ಟಗರು ಮಾರಿ ಮದುವೆಯ ಸೀರೆ, ಅರಿಸಿನ ತರಲು ಹೋಗಿದ್ದಾನೆಂದು ಆಯಿ ಊರೆಲ್ಲ ಹೇಳಿದಳು. ಅವ್ವ, ನಾನು ಮದುವೆಯ ಶ್ಯಾವಿಗೆ ಹೊಸೆಯಲು ಮೂಡಲಗಿಗೆ ಹೋಗಿದ್ದೆವು. ಒಂದು ಮಧ್ಯಾಹ್ನ ಅಂಗಳದಲ್ಲಿ ಶ್ಯಾವಿಗೆ ಒಣಹಾಕಿ ಕೋಳಿ ಕಾಯುತ್ತ ಕೂತಿದ್ದೇನೆ, ಮಾವ ಬಂದ. ಅವನ ಹಿಂದೆ ಅವನಿಗಿಂತ ಒಂದು ಗೇಣು ಎತ್ತರದ ಹೆಂಗಸು. ಕಂಕುಳಲ್ಲಿ ಹಿತ್ತಾಳೆಯ ಕೊಡ, ಕೊರಳಲ್ಲಿ ಹೊಸ ಕರಿಮಣಿ.

ಹುಕ್ಕೇರಿಯಲ್ಲಿ ಗಂಡ ಸತ್ತ ಹೆಂಗಸೊಬ್ಬಳನ್ನು ಉಡಿಕಿ ಮಾಡಿಕೊಂಡು ಬಂದಿದ್ದ! ಉಡಿಕಿ ಎಂದರೆ ವಿಧವೆಗೆ ಸೀರೆ ಉಡಿಸಿ ಮಾಡಿಕೊಳ್ಳುವ ಮದುವೆ. ನಮ್ಮಲ್ಲಿ ನಡೆಯುತ್ತದೆ, ಆದರೆ ಮನೆಯಲ್ಲಿ ಕನ್ನೆ ಹುಡುಗಿಯನ್ನು ಇಟ್ಟುಕೊಂಡು ಯಾವ ಗಂಡಸೂ ಮಾಡಿಕೊಳ್ಳುವುದಿಲ್ಲ. ಒಬ್ಬ ಹೆಂಡತಿ ಮನೆಗೆ ಬಂದ ಮೇಲೆ ನಮ್ಮಪ್ಪ ನನ್ನನ್ನು ಅವಳ ಮೇಲೆ ಕೊಡುವವನಲ್ಲ ಎಂಬುದು ಮಾವನಿಗೆ ಚೆನ್ನಾಗಿ ಗೊತ್ತಿತ್ತು. ಹುಟ್ಟಿದಾಗಿನಿಂದ ಹೆತ್ತವ್ವನಿಗೆ ಒಂದು ಎದುರು ಮಾತಾಡದವನು ಈಗಲೂ ಆಡಲಿಲ್ಲ, ನೋಡಿ! ಒಲ್ಲೆ ಎಂಬ ಮಾತಿನ ಬದಲು ಆರಡಿ ಎತ್ತರದ ಹೆಂಗಸನ್ನು ತಂದು ಅಂಗಳದಲ್ಲಿ ನಿಲ್ಲಿಸಿದ.

ಆಯಿ ಎದೆ ಎದೆ ಬಡಿದುಕೊಂಡಳು. ಮಣ್ಣು ತೂರಿದಳು. ಶ್ಯಾವಿಗೆಯ ಮೇಲೆಲ್ಲ ಮಣ್ಣು.

"ಯಾಕೋ? ಯಾಕ ಹಿಂಗ ಮಾಡ್ದಿ? ಮನ್ಯಾಗ ಬಂಗಾರದಂಥಾ ಹುಡುಗಿ ಬಿಟ್ಟು ಈ ಪಿಶಾಚಿನ ಯಾಕ ತಂದಿ?"

ಮಾವ ನೆಲ ನೋಡುತ್ತ ಹೇಳಿದ. "ಯವ್ವಾ, ಆಕಿ ಅಕ್ಟೋಬರಕ್ಕ ಮತ್ತ ಕೂಡತಾಳ."

"ಯಾರು ಕೂಡತಾಳ? ಎಲ್ಲಿ ಕೂಡತಾಳ?"

"ಪರೀಕ್ಷಾಕ್ಕ."

ಆಯಿ ಕೈಗೆ ಸಿಕ್ಕ ಒನಕೆ ಎತ್ತಿಕೊಂಡಳು. ಮುಂದಿನದನ್ನು ಬಿಡಿ.

ಆಯಿ ಅವರಿಬ್ಬರನ್ನೂ ಹೊಸ್ತಿಲು ತುಳಿಯಗೊಡಲಿಲ್ಲ. ಆ ಮಳೆಗಾಲವೆಲ್ಲ ಗಂಡಹೆಂಡಿರು ಕುರಿಗಳ ಜೊತೆ ಹಟ್ಟಿಯಲ್ಲೇ ಮಲಗಿದರು. ನಮ್ಮವ್ವನದು ಅದಕ್ಕೂ ಮಿಗಿಲು. ಒಬ್ಬ ಮಗಳನ್ನು ಕೊಟ್ಟು ಮಣ್ಣು ಮಾಡಿದೆ, ಇನ್ನೊಬ್ಬಳನ್ನು ಬೇಡ ಅಂದ, ಇವನು ನನ್ನ ತಮ್ಮನೇ ಅಲ್ಲ ಎಂದು ಗೋಕಾಕದ ಮನೆಯ ಬಾಗಿಲನ್ನೂ ಮುಚ್ಚಿದಳು. ಸಂತೆಯ ದಿನ ಅವನು ಓಣಿಯ ಬಾಯಿಗೆ ಬಂದರೆ ಅವ್ವ ಬೀಸುಕಲ್ಲನ್ನು ಜೋರಾಗಿ ತಿರುವುತ್ತಿದ್ದಳು.

ಆದರೂ ಮಾವ ಬಿಡಬೇಕಲ್ಲ! ಅಪ್ಪ ನನ್ನನ್ನು ಒಬ್ಬ ಮಾಸ್ತರರ ಮನೆಗೆ ಶಿಕವಣಿಗೆ, ಅಂದರೆ ಮನೆಪಾಠಕ್ಕೆ, ಹಚ್ಚಿದ್ದ. ಆ ದಾರಿಯಲ್ಲಿ ಕಂಬಳಿಯ ಕೊಪ್ಪೆ ಹಾಕಿಕೊಂಡು ಮಾವ ಕಾದಿರುತ್ತಿದ್ದ. ಮಳೆಯಲ್ಲಿ ಜೊತೆಗೆ ನಡೆಯುತ್ತ ಮುಂದಿಂದು ಕಲಿಯುವುದು. ಅವನ ಪ್ರಕಾರ ಹಿಂಡಿನ ಮುಂದೆ ಗಂಟೆ ಕಟ್ಟಿದ ಹೋತ ನಡೆಯಬೇಕು, ಉಳಿದವು ಹಿಂದೆ ಬರುತ್ತವೆ. ಮಾಸ್ತರರು ನನಗೆ ಕಲಿಸಿದ್ದನ್ನು ನಾನು ಅವನಿಗೆ ಹೇಳಬೇಕು, ಅವನು ತಾನೊಂದು ವಾಕ್ಯ ಕಟ್ಟಿ ಒಪ್ಪಿಸಬೇಕು, ನಾನು ತಿದ್ದಬೇಕು.

"ಆಯ್ ಹ್ಯಾವ್ ನೋ ಹೌಸ್," ಅನ್ನುವನು ಮಾವ, ಕೆಸರು ದಾಟುತ್ತ.

"ಬರೋಬರಿ ಐತಿ ಮಾವಾ."

"ಆಯ್ ಹ್ಯಾವ್ ಒನ್ ವೈಫ್. ಶಿ ಈಜ್ ವೆರಿ ಟಾಲ್."

"ಬರೋಬರಿ."

"ಮಾಯ್ ಮದರ್ ನಾಟ್ ಟಾಕ್."

"ಡಜ್ ನಾಟ್ ಟಾಕ್ ಅನಬೇಕು."

"ಮಾಯ್ ಮದರ್ ಡಜ್ ನಾಟ್ ಟಾಕ್. ಮಾಯ್ ಸಿಸ್ಟರ್ ಡಜ್ ನಾಟ್ ಟಾಕ್." ಸರಿ ಬಂತೆಂದು ಹಲ್ಲು ಬಿಡುವನು. "ನೋಡಿದೇನ? ಎರಡೂ ಬಾಲ ಒಂದ!"

ಹಾದಿಯವರು ನಮ್ಮಿಬ್ಬರನ್ನೂ ಹುಚ್ಚರೆಂದು ದಾರಿ ಬಿಡುತ್ತಿದ್ದರು. ನಾನು ನಗುತ್ತಿದ್ದೆ, ಮಳೆ ಇದ್ದದ್ದರಿಂದ ಕಣ್ಣೊರೆಸಿಕೊಳ್ಳುವುದು ಯಾರಿಗೂ ಕಾಣುತ್ತಿರಲಿಲ್ಲ.

ಅಕ್ಟೋಬರದ ಪರೀಕ್ಷೆಯ ಫಲಿತಾಂಶ ಚಳಿಯಲ್ಲಿ ಬಂತು. ಈ ಸಲ ನನ್ನ ನಂಬರು ಇತ್ತು! ಇಂಗ್ಲಿಷಿನಲ್ಲಿ ದಡ ಮುಟ್ಟುವಷ್ಟೇ ಅಂಕ, ಒಂದು ಕಡಿಮೆಯಾಗಿದ್ದರೂ ಗೋವಿಂದ. ಅಪ್ಪ ಅವ್ವನಿಗೆ ಸುಳ್ಳು ಹೇಳಿ ನನ್ನನ್ನು ಮೂಡಲಗಿಯ ಮೋಟಾರು ಹತ್ತಿಸಿದ. ನೆಟ್ಟಗೆ ಹಟ್ಟಿಗೆ ಹೋದೆ. ಮಾವನ ಹೆಂಡತಿ ಮೂರು ಕಲ್ಲಿನ ಒಲೆಯ ಮುಂದೆ ರೊಟ್ಟಿ ಬಡಿಯುತ್ತಿದ್ದಳು. ಮಾವ ಹಿಂದೆ ಕುರಿಯ ಗೊರಸು ನೋಡುತ್ತಿದ್ದ.

"ಪಾಸಾದ್ಯಾ?" ಎಂದಳು ಅವಳು. ನಾನು ಹೂಂ ಅಂದೆ. "ಬದುಕಿದ್ನಿ ತಾಯಿ! ಫೇಲಾಗಿದ್ರ ಇನ್ನೊಬ್ಬಾಕಿನ್ನ ತರತಿದ್ರೇನೊ ನಿಮ್ಮ ಮಾವ! ನಾ ಏನ ಚೆಲುವಿ ಅದೇನಿ ಅಂತ ಬಂದಾರ ಅನಕೊಂಡಿದ್ನಿ. ಎದುರಿಗೆ ಕುಂತ, 'ಹಿಂಗ್ಹಿಂಗ ಐತಿ, ಹುಡುಗಿ ಪರೀಕ್ಷಾ ಐತಿ' ಅಂದ್ರು. ಖರೆ ಹೇಳೂ ಗಂಡಸನ್ನ ನೋಡಿದ್ದ ಇಲ್ಲ, ಹೂಂ ಅಂದ್ನಿ."

ಮಾವ ಬಂದ. ಕೈ ತೊಳೆದುಕೊಂಡು ಎದುರಿಗೆ ಕೂತ. ಸುದ್ದಿ ಕೇಳಿಸಿದೆಯೆಂದು ಮುಖ ನೋಡಿದರೆ ಗೊತ್ತಾಗುತ್ತಿತ್ತು, ಆದರೂ ನನ್ನ ಬಾಯಿಂದ ಇನ್ನೊಮ್ಮೆ ಹೇಳಿಸಿಕೊಂಡ. ಕುಣಿಯುತ್ತಾನೆ ಅಂದುಕೊಂಡಿದ್ದೆ. ಕುಣಿಯಲಿಲ್ಲ.

"ಮಾವಾ, ನನ್ನ ಸಂಬಂಧ ನಿನಗ ಮನಿ ಹೋತು, ನಮ್ಮವ್ವ ಮಾತ ಬಿಟ್ಳು. ಅಷ್ಟ್ಯಾಕ ಮಾಡ್ದಿ?" ಎಂದೆ.

ಅವನು ತನ್ನ ಎರಡೂ ಅಂಗೈಗಳನ್ನು ನೋಡಿಕೊಂಡ. ಗೊರಸು ಕೆತ್ತಿ ಕೆತ್ತಿ ಒಡೆದ ಕೈಗಳು.

"ನೀ ಹುಟ್ಟಿದಾಗ ನಿನ್ನ ಈ ಕೈಲೆ ಎತ್ತಿ ಆಡಿಸೇನಿ. ಈ ಕೈಲೆ ತಾಳಿ ಹ್ಯಾಂಗ ಕಟ್ಟಲಿ?" ಅಂದ. "ನಿಮ್ಮಕ್ಕನ್ನೂ ಎತ್ತಿ ಆಡಿಸಿದ್ನಿ. ಆಕಿಗೆ ಕಟ್ಟಿದ್ನಿ. ಆವಾಗ ಒಲ್ಲೆ ಅನ್ನಾಕ ನನಗ ಬರಲಿಲ್ಲವಾ."

ಗಂಡಸು ಹಾಗೆ ಅಳುವುದನ್ನು ನಾನು ಕಂಡಿರಲಿಲ್ಲ. ನನಗೂ ತಡೆಯಲಿಲ್ಲ. ಆ ಎರಡೂ ಕೈಗಳನ್ನು ಹಿಡಿದುಕೊಂಡು ನಾನೂ ಅತ್ತೆ. ಮಾವನ ಹೆಂಡತಿ, ನನ್ನ ಹೊಸ ಅತ್ತಿ, ನಮ್ಮಿಬ್ಬರ ಮುಂದೆ ಬಿಸಿ ರೊಟ್ಟಿ ಇಟ್ಟು ಇನ್ನೊಂದು ರೊಟ್ಟಿಗೆ ಹಿಟ್ಟು ತೆಗೆದುಕೊಂಡಳು.